ಜೂಜುವಾಡಿಗೆ ನಾನು ಸಮುದ್ರ ತಂದದ್ದು

ನನ್ನ ಹೆಂಡತಿ ಜಲಜ ಗಂಗೊಳ್ಳಿಯವಳು. ಹುಟ್ಟಿದ್ದೂ ಬೆಳೆದದ್ದೂ ಅಲೆಗಳ ಸದ್ದಿನಲ್ಲಿ. ಮದುವೆಯಾಗಿ ನಾನು ಅವಳನ್ನು ಕರೆತಂದದ್ದು ಜೂಜುವಾಡಿಗೆ. ಹೊಸೂರಿನ ಕಾರ್ಖಾನೆಯಲ್ಲಿ ನನಗೆ ಕೆಲಸ. ನಮ್ಮ ಬಾಡಿಗೆ ಮನೆಯ ಕಿಟಕಿ ತೆರೆದರೆ ಕಾಣುವುದು ಲಾರಿಯ ಟಾರ್ಪಾಲು. ಆ ಲಾರಿ ಹೊರಟು ಹೋದರೆ? ಇನ್ನೊಂದು ಲಾರಿ!

"ಕಡ್ಲ್ ಕಾಣ್ದೆ ಕಣ್ಣೇ ಒಣಗಿ ಹೋಯ್ತ್ ಮರ್ರೆ. ಗೋಡೆ ಮೇಲಾದ್ರೂ ಒಂದ್ ಫೋಟೋ ಇದ್ದಿದ್ರೆ..." ಅಂದಳು ಒಂದು ದಿನ.

ಇಷ್ಟೇ ತಾನೆ! ಸಮುದ್ರದ ಫೋಟೋ ಹೊಸೂರಿನ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ಮಾಲೂರು ಸೀಮೆಯ ಗಂಡಸಿನ ಪ್ರೀತಿ ಅಂಗಡಿಯಲ್ಲಿ ಸಿಗುವಂಥದ್ದೇ? ಖುದ್ದು ನಾನೇ ತೆಗೆಯುವುದೆಂದು ತೀರ್ಮಾನಿಸಿದೆ. ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದೇ ಇಟ್ಟರೆ ಸಮುದ್ರ ಹಾಲಿನ ಮಂಜಿನಂತೆ ಬರುತ್ತದೆಂದು ಯಾವುದೋ ಪತ್ರಿಕೆಯಲ್ಲಿ ನೋಡಿದ್ದೆ. ಹಗಲಲ್ಲಾದರೆ ಲೆನ್ಸಿನ ಮುಂದೆ ಕಪ್ಪು ಗಾಜು ಹಿಡಿಯಬೇಕಂತೆ. ಕಪ್ಪು ಗಾಜಿಗೇನು ಬರ? ನಮ್ಮ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಗಾಜು ಇದೆಯಲ್ಲ! ಗೆಳೆಯನ ರೀಲು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ವೆಲ್ಡಿಂಗ್ ಗಾಜು ಸಮೇತ ದೀಪಾವಳಿ ರಜೆಗೆ, ಜಲಜಳಿಗೆ ಅಚ್ಚರಿಯಾಗಲೆಂದು ಅವಳನ್ನು ಬಿಟ್ಟು ಒಬ್ಬನೇ, ಅತ್ತೆಮನೆಯತ್ತ ದಂಡಯಾತ್ರೆ ಹೊರಟೆ.

ದಂಡೆಯ ಮೇಲೆ ಮಾವ, ಅತ್ತೆ, ಭಾವಮೈದುನ ಗಣೇಶ ಮೂವರನ್ನೂ ಸಾಲಾಗಿ ನಿಲ್ಲಿಸಿದೆ. "ಯಾರೂ ಅಲ್ಲಾಡ್ಬಾರ್ದು!" ಎಂದು ಆಜ್ಞೆ ಹೊರಡಿಸಿ ಗುಂಡಿ ಒತ್ತಿ ಹಿಡಿದೆ.

"ಆಯ್ತಾ ಅಳಿಯಂದ್ರೇ?" ಎಂದರು ಮಾವ.

"ಮಾತಾಡ್ಬೇಡಿ ಮಾವ!"

ಅತ್ತೆ ಸೆರಗು ಸರಿಮಾಡಿಕೊಂಡರು. ಗಣೇಶ ಪರಿಚಯದ ದೋಣಿ ಕಂಡು ಕೈ ಬೀಸಿದ. ಮಾವನ ಪಾದದ ಮೇಲೆ ಏಡಿ ಹತ್ತಿತು. ಅವರು ಕುಣಿದರು. ಸ್ಟ್ಯಾಂಡಿನ ಒಂದು ಕಾಲು ಮೆಲ್ಲಗೆ ಮರಳಿನೊಳಕ್ಕೆ ಇಳಿಯಿತು. ನಾನು ಮಾತ್ರ ಗುಂಡಿ ಬಿಡಲಿಲ್ಲ. ರೀಲು ಪೂರ್ತಿ ಇದೇ ಶೈಲಿ! ಸಾಧಾರಣ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ.

ಹೊಸೂರಿಗೆ ಬಂದು ರೀಲು ತೊಳೆಸಿ, ಇದ್ದುದರಲ್ಲಿ ಒಳ್ಳೆಯದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ಏರಿಸಿದೆ. ವೆಲ್ಡಿಂಗ್ ಗಾಜಿನ ಕೃಪೆಯಿಂದ ಆಕಾಶ, ನೀರು, ಮರಳು ಎಲ್ಲವೂ ಹಸಿರು. ಕಲೆ ಅಂದಮೇಲೆ ಹಾಗೇ!

ಮೊದಲ ವೀಕ್ಷಕಿಯಾಗಿ ಬಂದವರು ಪಕ್ಕದ ಮನೆಯ ಮುನಿರತ್ನಮ್ಮ.

"ಇದು ಜವಳಗಿರಿ ಕಾಡಿನ ಕಡೆ ಕೆರೆ ಅಲ್ವಾ ಸಾರ್? ಪಾಚಿ ಕಟ್ಕೊಂಡ್ಬುಟ್ಟೈತೆ, ಪಾಪ."

"ಅದು ಸಮುದ್ರ ಕಣಮ್ಮ!"

"ಸುಮ್ಕಿರಿ ಸಾರ್, ತಮಾಸೆ ಮಾಡ್ಬ್ಯಾಡಿ. ಅಗೋ, ಮೂಲೇಲಿ ಆನೆ ನೀರು ಕುಡಿಯಕ್ಕೆ ಬಂದೈತೆ!"

ಅದು ನಮ್ಮ ಮಾವ. ಅತ್ತೆ ಮತ್ತು ಗಣೇಶ ಇಬ್ಬರೂ ಅವರೊಳಗೇ ಕರಗಿಹೋಗಿದ್ದರು!

ಜಲಜ ನಗಲಿಲ್ಲ. ಫೋಟೋದ ಹತ್ತಿರ ಹೋಗಿ ನೀರಿನ ಮೇಲೆ ಬೆರಳಾಡಿಸಿದಳು.

"ತೆರಿ ಎಲ್ಲಿತ್ ಮರ್ರೆ?" ಅಂದಳು ಮೆಲ್ಲಗೆ.

ಆಗ ನನ್ನ ತಲೆಗೆ ಹೊಳೆಯಿತು. ಅವಳು ಹಂಬಲಿಸಿದ್ದೇ ಆ ಅಲೆಗಳಿಗೆ. ನಾನೋ, ಇಷ್ಟು ಪಾಡುಪಟ್ಟು, ಅಲೆಗಳನ್ನು ಒಂದೂ ಬಿಡದೆ ಅಳಿಸಿಕೊಂಡು ಬಂದಿದ್ದೆ!

ಭಾನುವಾರ ಗಣೇಶನಿಗೆ ಫೋನ್ ಮಾಡಿದೆ. "ದಂಡೆಗೆ ಹೋಗಿ ಮೊಬೈಲನ್ನ ಅಲೆ ಕಡೆ ಹಿಡಿಯಪ್ಪಾ, ನಿಮ್ಮಕ್ಕ ಕೇಳ್ಬೇಕಂತೆ."

ಅವನು ಹಿಡಿದ. ಜಲಜ ಕಣ್ಣು ಮುಚ್ಚಿ ಕೇಳುತ್ತಾ ಕೂತಳು. ಹೊರಗೆ ಲಾರಿಗಳು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯುತ್ತಿದ್ದವು. ಅವಳಿಗೆ ಒಂದೂ ಕೇಳಿಸಲಿಲ್ಲ. ಮದುವೆಯಾದಾಗಿನಿಂದ ಅವಳ ಮುಖ ಅಷ್ಟು ಶಾಂತವಾಗಿದ್ದುದನ್ನು ನಾನು ನೋಡಿರಲಿಲ್ಲ. ಬಹಳ ಹೊತ್ತಿನ ಮೇಲೆ, ಸಾಕು ಎಂಬಂತೆ, ಫೋನನ್ನು ನನ್ನ ಕೈಗಿಟ್ಟಳು.

ನಾನೂ ಕಿವಿಗೆ ಹಿಡಿದೆ. ಅಬ್ಬಾ, ಎಂಥ ಮೊರೆತ! ಏರುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ. ಇದನ್ನೆಲ್ಲ ಬಿಟ್ಟು ನನ್ನ ಹಿಂದೆ ಬಂದಳಲ್ಲ ಈ ಹುಡುಗಿ ಎಂದು ಕಣ್ಣಲ್ಲಿ ನೀರು ಬಂತು.

"ಗಣೇಶ, ಎಂಥ ಸಮುದ್ರನಪ್ಪಾ ನಿಮ್ದು!" ಅಂದೆ.

"ಸಮುದ್ರ ಎಲ್ಲಿತ್ ಭಾವ? ನಾ ಮನಿಗ್ ಬಂದಾಯ್ತ್. ಇದ್ ಮಿಕ್ಸಿ! ಅಮ್ಮ ಮೀನಿಗ್ ಮಸಾಲಿ ಕಡೀತಿದ್ಲ್."

ಮಿಕ್ಸಿಯನ್ನೂ ಮೀರಿ ಅವನು ಕೂಗಿದ ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜಲಜ ಫೋನ್ ಕಸಿದುಕೊಂಡಳು. "ಎಂತ ಮೀನಾ?"

ಬಂಗುಡೆ ಅಂದನಂತೆ. ಸಮುದ್ರಕ್ಕೂ ತಡೆದುಕೊಂಡಿದ್ದವಳು ಬಂಗುಡೆಗೆ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೆಂಡತಿ ಇಬ್ಬರೂ ಎದುರುಬದುರು ಕೂತು ಕಣ್ಣೊರೆಸಿಕೊಂಡೆವು. ಅವಳು ಬಂಗುಡೆಗಾಗಿ, ನಾನು ಮಿಕ್ಸಿಗಾಗಿ!