ಗೆದ್ದಲು ತಿಂದ ಮೀಸೆ

ಕಾಪುವಿನ ಆ ಖಾಸಗಿ ಹೈಸ್ಕೂಲಿನ ಆಫೀಸಿನಲ್ಲಿ ಗೆದ್ದಲಿಗೆ ತಿನ್ನಲು ಬೇಕಾದಷ್ಟಿತ್ತು. ಎಲ್ಲ ಬಿಟ್ಟು ಅದು ಶಾಲೆಯ ಸ್ಥಾಪಕರಾದ ದಿವಂಗತ ಐತಪ್ಪ ಮಾಸ್ಟ್ರ ಒಂದೇ ಒಂದು ಫೋಟೊವಿಗೆ ಬಾಯಿ ಹಾಕಿ, ಮೂಗಿನಿಂದ ಕೆಳಗಿನದನ್ನೆಲ್ಲ ಪ್ರಸಾದದಂತೆ ಶ್ರದ್ಧೆಯಿಂದ ತಿಂದು ಮುಗಿಸಿತ್ತು. ಅದು ಗೊತ್ತಾದದ್ದು ಸ್ಥಾಪಕರ ದಿನದ ಬೆಳಿಗ್ಗೆ, ಹಾರ ಹಾಕಲು ಪಟ ಇಳಿಸಿದಾಗ.

ಸಂಚಾಲಕ ಯೋಗೀಶರು ಚಿತ್ರಕಲಾ ಶಿಕ್ಷಕ ಧರ್ಮಪಾಲರನ್ನು ಕರೆಸಿದರು. ಶಾಲೆಗೆ ಇನ್ನು ಡ್ರಾಯಿಂಗ್ ಮಾಸ್ಟ್ರು ಬೇಕೋ ಬೇಡವೋ ಎಂಬುದು ಅಂದು ಸಂಜೆ ಆಡಳಿತ ಮಂಡಳಿಯಲ್ಲಿ ತೀರ್ಮಾನವಾಗುವುದಿತ್ತು.

"ಸಂಜೆಯೊಳಗೆ ಪಟ ಆಗಬೇಕು ಮಾಸ್ಟ್ರೆ. ಕೈಯಲ್ಲಿ ಬರೆದದ್ದು ಅಂತ ಕಾಣಬಾರದು, ಫೋಟೊದ ಹಾಗೇ ಇರಬೇಕು. ನಿಮ್ಮ ಪರವಾಗಿ ಮಾತಾಡಲಿಕ್ಕೆ ನನಗೂ ಎಂತಾದರೂ ಬೇಕಲ್ವಾ?"

ಮಲ್ಪೆಯ ಕಡಲನ್ನು ಬರೆದು ಹೆಸರು ಮಾಡಬೇಕೆಂದಿದ್ದವರು ಧರ್ಮಪಾಲರು. ಇಷ್ಟು ವರ್ಷ ಬರೆದದ್ದು ನಾಟಕದ ಪರದೆ, ಆಟದ ಬಯಲಿನ ಸುಣ್ಣದ ಗೆರೆ, ಸಹೋದ್ಯೋಗಿಗಳ ಮಕ್ಕಳ ವಿಜ್ಞಾನ ಪುಸ್ತಕಕ್ಕೆ ಕಪ್ಪೆಯ ಹೊಟ್ಟೆ. ಅವರು ಅಂಬಲಪಾಡಿಯ ಜನಾರ್ದನ ದೇವರನ್ನು ನೆನೆದು ಕುಂಚ ಹಿಡಿದರು.

ಕಣ್ಣು, ಹಣೆ ಸಲೀಸಾಗಿ ಬಂದವು. ತೊಡಕು ಶುರುವಾದದ್ದು ಮೀಸೆಯಲ್ಲಿ. ವಿಜ್ಞಾನದ ಅಲೋಶಿಯಸ್ ಸರ್, ಐತಪ್ಪ ಮಾಸ್ಟ್ರದು ಹಲ್ಲುಜ್ಜುವ ಬ್ರಶ್ಶಿನಂತಹ ಗಿಡ್ಡ ಮೀಸೆಯೆಂದು ಆಣೆ ಹಾಕಿದರು. ಹಾಗೇ ಬರೆದಾಯಿತು. ಎದುರಿನ ಅಂಗಡಿಯ ಹಸೈನಾರ್ ಬ್ಯಾರಿ ಬಂದು ನೋಡಿ ತಲೆಯಾಡಿಸಿದರು.

"ಇದು ಯಾರು ಮಾರಾಯ್ರೆ? ಮಾಸ್ಟ್ರು ನನ್ನ ಕಿವಿ ಹಿಂಡುವಾಗ ಅವರ ಮೀಸೆಯ ತುದಿ ನನ್ನ ಕೆನ್ನೆಗೆ ಚುಚ್ಚುತ್ತಿತ್ತು. ಅಷ್ಟು ಹತ್ತಿರದಿಂದ ನೋಡಿದವ ನಾನು."

ಮೀಸೆ ಒರೆಸಿದರು, ಉದ್ದ ಮಾಡಿದರು. ಕಂಪ್ಯೂಟರ್ ಕಲಿಸುವ ಲೊರ್ನಾ ಟೀಚರ್, ಕೆನ್ನೆಯಲ್ಲಿ ಬ್ರಶ್ಶಿನ ಗುರುತು ಕಾಣುತ್ತದೆ ಎಂದರು. ಧರ್ಮಪಾಲರು ಬಟ್ಟೆ ಸುತ್ತಿದ ಬೆರಳಿನಿಂದ, ಮಗುವಿನ ಮೈಗೆ ಎಣ್ಣೆ ಹಚ್ಚುವಂತೆ ತೀಡಿ ತೀಡಿ, ತಮ್ಮ ಕೈಯ ಗುರುತನ್ನೆಲ್ಲ ಅಳಿಸಿದರು. ಮೂಲೆಯಲ್ಲಿ ಹೆಸರು ಹಾಕಹೊರಟರೆ ಯೋಗೀಶರು ತಡೆದರು. ಹಾರ ಹಾಕುವ ಪಟದಲ್ಲಿ ಬದುಕಿರುವವರ ಹೆಸರು ಇರಬಾರದಂತೆ. ಅವರ ಆಯುಸ್ಸಿಗೇ ಒಳ್ಳೆಯದಲ್ಲವಂತೆ.

ಧರ್ಮಪಾಲರ ಅಂಗಿಯೆಲ್ಲ ಬಣ್ಣವಾಗಿದ್ದರಿಂದ ಪಟವನ್ನು ಲೊರ್ನಾ ಟೀಚರೇ ವೇದಿಕೆಗೆ ಹೊತ್ತರು. ಕಾರ್ಕಳದಿಂದ ಬಂದಿದ್ದ ಸ್ಥಾಪಕರ ಮಗಳು ವಾರಿಜಕ್ಕ ಅದನ್ನು ನೋಡಿದ್ದೇ ಸೆರಗು ಬಾಯಿಗೊತ್ತಿಕೊಂಡರು.

"ಅಪ್ಪನೇ. ಈಗ ಬೈಯುವ ಹಾಗೆ ಉಂಟು."

ಪರದೆಯ ಹಿಂದೆ ನಿಂತಿದ್ದ ಧರ್ಮಪಾಲರ ಕಣ್ಣು ತುಂಬಿತು. ಕೆಲಸ ಉಳಿಯಿತು ಎಂದುಕೊಂಡರು.

ಮಂಡಳಿಯ ಅಧ್ಯಕ್ಷ ಸ್ಟ್ಯಾನಿಸ್ಲಾಸರು ಮಣಿಪಾಲದವರು, ಶಾಲೆಗೆ ವರ್ಷಕ್ಕೊಮ್ಮೆ ಬರುವವರು. ಅವರು ಮೀಸೆ ಮುಟ್ಟಿ ನೋಡಿದರು. ಬೆರಳು ಕಪ್ಪಾಯಿತು.

"ನೋಡಿ, ಪ್ರಿಂಟಿನ ಇಂಕು ಕೂಡ ಆರಿಲ್ಲ," ಎಂದರು ಮೈಕಿನಲ್ಲಿ. "ಗೆದ್ದಲು ತಿಂದ ಮುಖವನ್ನು ಲೊರ್ನಾ ಟೀಚರ್ ಒಂದು ದಿನದಲ್ಲಿ ಕಂಪ್ಯೂಟರಿನಿಂದ ತಂದಿದ್ದಾರೆ. ಇನ್ನು ಡ್ರಾಯಿಂಗ್ ಮಾಸ್ಟ್ರು ಯಾಕೆ? ಆ ಪೀರಿಯಡುಗಳನ್ನೆಲ್ಲ ಕಂಪ್ಯೂಟರಿಗೆ ಕೊಡುವ."

ಲೊರ್ನಾ ಟೀಚರ್ ಅಲ್ಲವೆನ್ನಲು ಬಾಯಿ ತೆರೆದರು. ಅಧ್ಯಕ್ಷರ ಮಾತಿಗೆ ಸಭೆಯಲ್ಲಿ ಎದುರಾಡಬಾರದೆಂದು ಯೋಗೀಶರು ಕಣ್ಸನ್ನೆ ಮಾಡಿದರು. ಚಪ್ಪಾಳೆ ಬಿತ್ತು.

ಧರ್ಮಪಾಲರಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ಬಂದು, ಬಣ್ಣ ಮೆತ್ತಿದ ಎರಡೂ ಕೈಗಳನ್ನು ಅಧ್ಯಕ್ಷರ ಮುಂದೆ ಚಾಚಿದರು.

"ನೋಡಿ ಸರ್. ಇದು ಈ ಕೈಯ ಕೆಲಸ."

ಅಧ್ಯಕ್ಷರು ಆ ಕೈಗಳನ್ನೂ, ಹಿಂದಿನ ವಾರವಷ್ಟೇ ಬಣ್ಣ ಕಂಡಿದ್ದ ಸಭಾಂಗಣದ ಗೋಡೆಗಳನ್ನೂ ನೋಡಿ ಮೆಚ್ಚುಗೆಯಿಂದ ತಲೆದೂಗಿದರು.

"ಚಂದ ಹೊಡೆದಿದ್ದೀರಿ. ನಾಳೆಯೂ ಬನ್ನಿ. ಡ್ರಾಯಿಂಗ್ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡ್ಲಿಕ್ಕುಂಟು. ಗೋಡೆ ತುಂಬ ಯಾರೋ ಕಡಲು, ದೋಣಿ ಅಂತ ಎಂತೆಂತದೋ ಬಿಡಿಸಿ ಹಾಕಿದ್ದಾರೆ. ಅದರ ಮೇಲೆ ಬಿಳಿ ಹೊಡೆದುಬಿಡಿ."