ನಲವತ್ತೊಂದು ಸೆಕೆಂಡು ಸದ್ದಿಲ್ಲವೆಂದು ದೂರಿದ ಶ್ರೋತೃ ಮಹಾಶಯರಿಗೆ

ಇವರಿಗೆ,
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳಲ್ಲಿ ವಾಸವಾಗಿದ್ದು, ಎರಡು ಕಿವಿ ಮತ್ತು ಒಂದು ಮೊಬೈಲ್ ಹೊಂದಿರುವ ಸಮಸ್ತ ಶ್ರೋತೃಗಳು.

ಮಾನ್ಯರೇ,

ತಮ್ಮೆಲ್ಲರ ಕಿವಿಗಳೂ ಕ್ಷೇಮವಾಗಿವೆಯೆಂದು ನಂಬಿ, ಅವುಗಳ ಆಯುರಾರೋಗ್ಯಕ್ಕೆ ಹಾರೈಸುತ್ತಾ, ಮೂವತ್ತಾರು ವರ್ಷ ಹೊಸದುರ್ಗದ ಶಾಲೆಯೊಂದರಲ್ಲಿ ಮಕ್ಕಳ ಕಿವಿ ಹಿಂಡಿ ಈಗ ನಿವೃತ್ತಳಾಗಿರುವ ಅನುಸೂಯ ಎಂಬ ನಾನು ತಮ್ಮ ಅಮೂಲ್ಯ ಸಮಯದಲ್ಲಿ ಕೊಂಚ ಭಾಗವನ್ನು ಬೇಡಿಕೊಳ್ಳುತ್ತಿದ್ದೇನೆ. ಸಮಯಕ್ಕೆ ತಮ್ಮಲ್ಲಿ ಎಂಥ ಬರವಿದೆಯೆಂಬುದು ನನಗೆ ಗೊತ್ತು. ಮೂವತ್ತೆಂಟು ನಿಮಿಷದ ಆಲ್ಬಮ್ಮು ಬಿಡುಗಡೆಯಾದ ಹನ್ನೊಂದನೇ ನಿಮಿಷಕ್ಕೆ ಐದು ನಕ್ಷತ್ರ ಕೊಟ್ಟು, "ಪೂರ್ತಿ ಕೇಳ್ದೆ, ಸೂಪರ್" ಎಂದು ಬರೆದ ಹೊಳಲ್ಕೆರೆಯ ಸುಪ್ರಿಯಾ ಅವರೂ ತಮ್ಮ ನಡುವೆಯೇ ಇದ್ದಾರಲ್ಲವೇ? ಉಳಿದ ಇಪ್ಪತ್ತೇಳು ನಿಮಿಷವನ್ನು ಅವರು ಯಾವ ಲೋಕದಲ್ಲಿ ಕೇಳಿದರೋ ತಿಳಿಯದು; ಆದರೂ ಐದು ನಕ್ಷತ್ರ ಕೊಟ್ಟರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಮಾನ್, ಮತ್ತೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿನ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಡುವ ಸ್ವಾತಿ, ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು, ಹೋದ ತಿಂಗಳು "ಉಸಿರು ಸಾಲ್ದು" ಎಂಬ ಎಂಟು ಹಾಡುಗಳ ಆಲ್ಬಮ್ಮನ್ನು ಅಂತರ್ಜಾಲಕ್ಕೆ ಏರಿಸಿದರು. ಅಮಾನ್ ಕಂಪ್ಯೂಟರಿನಲ್ಲಿ ತಾಳ ಕೂರಿಸಿದ. ಸ್ವಾತಿ ತಾನೇ ಕಟ್ಟಿದ ಸಾಲುಗಳನ್ನು ಹಿಪ್‌ಹಾಪ್ ಧಾಟಿಯಲ್ಲಿ ಪಟಪಟನೆ ಹೇಳಿದಳು. ಐವತ್ತು ವರ್ಷದಿಂದ ಮದುವೆ ಮೆರವಣಿಗೆಗಳ ಮುಂದೆ ಬ್ಯಾಂಡ್‌ಸೆಟ್ ನಡೆಸುತ್ತಿರುವ ಅಮಾನನ ತಾತ ಇಮಾಮ್ ಸಾಬರು ತಮ್ಮ ಸ್ಯಾಕ್ಸೋಫೋನನ್ನು ಜಾಝ್ ದಾರಿಗೆ ಹೊರಳಿಸಿ ಊದಿದರು. ತಾವು ಕೃಪೆಯಿಟ್ಟು ಮುನ್ನೂರ ಹದಿನಾರು ಅಭಿಪ್ರಾಯಗಳನ್ನು ದಯಪಾಲಿಸಿದಿರಿ. ಆ ಅಭಿಪ್ರಾಯಗಳಿಗೆ ತಲೆಬಾಗಿ, ಬರುವ ಭಾನುವಾರ ಐದನೇ ಹಾಡಿನಿಂದ ನಲವತ್ತೊಂದು ಸೆಕೆಂಡುಗಳನ್ನು ಕತ್ತರಿಸಿ ಎಸೆಯುವುದಾಗಿ ಅಮಾನ್ ಪ್ರಕಟಿಸಿದ್ದಾನೆ. ಆ ಕತ್ತರಿಯನ್ನು ಹೇಗಾದರೂ ತಡೆಯಬೇಕೆಂಬುದೇ ಈ ಪತ್ರದ ಉದ್ದೇಶ.

ತಮ್ಮ ಅಭಿಪ್ರಾಯಗಳನ್ನೆಲ್ಲ ಓದಿದ್ದೇನೆ. ಕೆಂಪು ಪೆನ್ನು ಹಿಡಿದೇ ಓದಿದ್ದೇನೆ, ಅಭ್ಯಾಸ ಬಿಡಬೇಕಲ್ಲ. ಮೊದಲ ಹಾರ ಚಿತ್ರದುರ್ಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನೀಡುವ ಶ್ರೀ ಚೇತನ್‌ಕುಮಾರ್ ಅವರ ಕೊರಳಿಗೇ ಬೀಳಬೇಕು. "ಇದು ಜಾಝೂ ಅಲ್ಲ, ಹಿಪ್‌ಹಾಪೂ ಅಲ್ಲ. ಜಾಝ್ ಆಗಿದ್ರೆ ಮದುವೆ ಬ್ಯಾಂಡ್ ಥರ ಕೇಳಿಸ್ತಿರ್ಲಿಲ್ಲ, ಹಿಪ್‌ಹಾಪ್ ಆಗಿದ್ರೆ ಮತ್ತೋಡಿನ ಭಾಷೆ ಇರ್ತಿರ್ಲಿಲ್ಲ" ಎಂದು ಅವರು ತೀರ್ಪಿತ್ತಿದ್ದಾರೆ. ನಾಲ್ಕು ಆಯ್ಕೆ ಕೊಟ್ಟರೆ "ಮೇಲಿನ ಯಾವುದೂ ಅಲ್ಲ" ಎಂಬುದಕ್ಕೆ ಕಣ್ಣುಮುಚ್ಚಿ ಗುರುತು ಹಾಕುವ ಈ ವಿದ್ಯೆಯನ್ನು ಅವರು ತಮ್ಮ ವಿದ್ಯಾರ್ಥಿಗಳಿಗೂ ಧಾರೆಯೆರೆಯುತ್ತಿದ್ದರೆ, ಜಿಲ್ಲೆಗೆ ಎಷ್ಟು ಮಂದಿ ತಹಸೀಲ್ದಾರರು ದಕ್ಕುತ್ತಾರೋ ಕಾದು ನೋಡಬೇಕು. ಜಾಝ್ ಎಂಬುದು ಹುಟ್ಟಿದ ಊರಿನಲ್ಲಿಯೂ ಬೀದಿಯಲ್ಲಿ ನಡೆಯುತ್ತಲೇ ಊದಿದವರದ್ದು ಎಂದು ಸ್ವಾತಿ ಅವರಿಗೆ ಉತ್ತರ ಬರೆದಿದ್ದಳು. ಅದಕ್ಕೆ ಅವರು ಹೆಬ್ಬೆರಳು ಕೆಳಗೆ ಮಾಡಿದ ಚಿತ್ರವೊಂದನ್ನು ಕಳಿಸಿ ಚರ್ಚೆ ಮುಗಿಸಿದರು.

ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ದುರ್ಗೇಶ್ ಅವರದು ಇನ್ನೊಂದು ಮೆಟ್ಟಿಲು ಮೇಲೆ. "ಹೈವೇ ಬಸ್ಸಲ್ಲಿ ಕೇಳ್ದೆ. ಹಾರನ್ ಯಾವ್ದು ಸ್ಯಾಕ್ಸೋಫೋನ್ ಯಾವ್ದು ಒಂದೂ ಗೊತ್ತಾಗ್ಲಿಲ್ಲ. ಎರಡು ಸ್ಟಾರ್" ಎಂದಿದ್ದಾರೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ನೀರೆಷ್ಟಿದೆಯೆಂದು ಹೇಳುವ ಮಹಾನುಭಾವರು ಬಸ್ಸಿನ ಹಾರನ್ನಿಗೆ ಸೋತುಹೋದರಲ್ಲ ಎಂದು ನನಗೆ ಕರುಳು ಚುರ್ರೆಂದಿತು. ಆ ಎರಡು ನಕ್ಷತ್ರಗಳಲ್ಲಿ ಒಂದು ಚಾಲಕರಿಗೆ ಸಲ್ಲಬೇಕಾಗಿದ್ದರೆ ತಿಳಿಸಲಿ, ಬಸ್ ನಿಲ್ದಾಣಕ್ಕೆ ಹೋಗಿ ನಾನೇ ಮುಟ್ಟಿಸಿ ಬರುತ್ತೇನೆ. ತುರುವನೂರಿನ ಈರಬಸಪ್ಪನವರಾದರೋ, "ಎಲ್ಲಾ ಚೆನ್ನಾಗೈತೆ. ಆ ಹುಡುಗಿ ಮಾತಾಡೋದು ತೆಗೀರಿ, ಪೀಪಿ ತೆಗೀರಿ, ಬೀಟ್ ಜಾಸ್ತಿ ಹಾಕ್ರಿ, ಗೃಹಪ್ರವೇಶಕ್ಕೆ ಹಾಕ್ಬೋದು" ಎಂದು ಸಲಹೆ ನೀಡಿದ್ದಾರೆ. ಆಹಾ! ಹಾಡಿನಿಂದ ಹಾಡನ್ನು ತೆಗೆದರೆ ಉಳಿಯುವ ಭಾಗವೇ ಅವರಿಗೆ ಹಿಡಿಸಿರುವುದರಿಂದ, ಅವರ ಗೃಹಪ್ರವೇಶದ ದಿನ ಒಂದು ರುಬ್ಬುವ ಯಂತ್ರವನ್ನು ಬಾಗಿಲಲ್ಲಿ ಓಡಿಸಿದರೆ ಬೇಕಾದಷ್ಟಾಯಿತು.

ಇಷ್ಟೆಲ್ಲ ಇದ್ದರೂ ನಾನು ಲೇಖನಿ ಎತ್ತುತ್ತಿರಲಿಲ್ಲ, ಮಾನ್ಯರೇ. ಮೂಗು ಮುರಿಯುವುದು ತಮ್ಮ ಜನ್ಮಸಿದ್ಧ ಹಕ್ಕು, ಮುರಿಯಿರಿ, ಮೂಗು ತಮ್ಮದೇ. ಆದರೆ "ಮದುವೆ ಬೀದಿ" ಎಂಬ ಐದನೇ ಹಾಡಿಗೆ ತಾವೆಲ್ಲ ಸೇರಿ ಕತ್ತರಿ ಹಚ್ಚಿದ್ದನ್ನು ಮಾತ್ರ ನನ್ನಿಂದ ಸಹಿಸಲಾಗುತ್ತಿಲ್ಲ. ಅದರಲ್ಲಿ ಬ್ಯಾಂಡು ಜೋರಾಗಿ ಬರುತ್ತದೆ, ಸ್ವಾತಿಯ ಮಾತು ಅದರ ಮೇಲೇರುತ್ತದೆ, ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಗುತ್ತದೆ. ನಲವತ್ತೊಂದು ಸೆಕೆಂಡಿನ ನಂತರ ಸ್ಯಾಕ್ಸೋಫೋನು ಒಂಟಿಯಾಗಿ ಶುರುವಾಗುತ್ತದೆ. ಈ ನಡುವಿನ ಅವಧಿಯ ಬಗ್ಗೆ ಯಾರೋ ಒಬ್ಬರು ದೂರು ಬರೆದರು, ಅದಕ್ಕೆ ಇನ್ನೂರ ಹನ್ನೆರಡು ಮಂದಿ ತಲೆಯಾಡಿಸಿದಿರಿ. "ಸೌಂಡ್ ಕಟ್ ಆಗೈತೆ, ನೋಡ್ಕಳ್ರಿ" ಎಂದಿರಿ. "ನೆಟ್ ಹೋಯ್ತು ಅಂದ್ಕಂಡು ಮೂರು ಸಲ ಮೊಬೈಲ್ ಆಫ್ ಮಾಡ್ದೆ" ಎಂದಿರಿ. "ಎಡಿಟಿಂಗ್ ಬರಲ್ಲ ಅಂದ್ರೆ ಯಾಕ್ರಿ ಮಾಡ್ತೀರಿ" ಎಂದು ಗದರಿದಿರಿ. "ನಡುವೆ ಕುಕ್ಕರ್ ಕೂಗುತ್ತೆ, ಅಡುಗೆಮನೇಲಿ ಕುಂತ್ಕಂಡು ರೆಕಾರ್ಡ್ ಮಾಡಿದೀರಾ?" ಎಂದು ಒಬ್ಬರು ಪತ್ತೇದಾರಿಯನ್ನೂ ಮಾಡಿದಿರಿ. ಅವರ ಕಿವಿಗೆ ನನ್ನ ನಮಸ್ಕಾರ. ಆ ಕುಕ್ಕರು ನನ್ನದು.

ಇಮಾಮ್ ಸಾಬರ ಸೆಟ್ಟಿನಲ್ಲಿ ಒಂದು ಪದ್ಧತಿಯಿದೆ. ಮೆರವಣಿಗೆ ಹೋಗುವ ಬೀದಿಯಲ್ಲಿ ಯಾವುದಾದರೂ ಮನೆಯಲ್ಲಿ ಸಾವಾಗಿ ಹನ್ನೊಂದು ದಿನ ಕಳೆದಿಲ್ಲವೆಂದರೆ, ಆ ಮನೆಗೆ ಮೂರು ಬಾಗಿಲು ಮೊದಲೇ ಅವರು ಸ್ಯಾಕ್ಸೋಫೋನನ್ನು ಬಾಯಿಂದ ಕೆಳಗಿಳಿಸುತ್ತಾರೆ. ಯಾರೂ ಯಾರಿಗೂ ಹೇಳುವುದಿಲ್ಲ. ಅವರ ಕೈ ಇಳಿದದ್ದು ಕಂಡರೆ ಕ್ಲಾರಿನೆಟ್ ಇಳಿಯುತ್ತದೆ, ತುತ್ತೂರಿ ಇಳಿಯುತ್ತದೆ, ಡೋಲಿನ ಕಡ್ಡಿ ಕಂಕುಳಿಗೆ ಹೋಗುತ್ತದೆ. ಮೂರು ಬಾಗಿಲು ದಾಟುವವರೆಗೆ ಬರೀ ಕಾಲ್ನಡಿಗೆ. ಮದುವೆಯವರು ಮುಖ ಸಿಂಡರಿಸಿದರೂ, ವರನ ಸೋದರಮಾವ ಬಂದು ಹಾರಾಡಿದರೂ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಅವರು ವಿವರಣೆ ಕೊಟ್ಟದ್ದನ್ನೂ ನಾನು ಕೇಳಿಲ್ಲ, ಅವರ ಅಪ್ಪನ ಕಾಲದಿಂದ ಹಾಗೇ ನಡೆದು ಬಂದಿದೆ.

ಇನ್ನು ನನ್ನ ಯಜಮಾನರಾದ ಜಂಪಣ್ಣನವರ ವಿಷಯ. ಹಿರಿಯೂರು ರಸ್ತೆಯಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದವರು, ಮಾತು ಕಡಿಮೆ. ಬ್ಯಾಂಡಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ಉಣ್ಣುತ್ತಿದ್ದವರು ಎದ್ದು ಎಂಜಲು ಕೈಯಲ್ಲೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕಂಡೊಡನೆ ಇಮಾಮ್ ಸಾಬರು ಸ್ಯಾಕ್ಸೋಫೋನನ್ನು ವರನ ಕಾರಿನ ಕಡೆಯಿಂದ ನಮ್ಮ ಬಾಗಿಲ ಕಡೆಗೆ ತಿರುಗಿಸಿ ಒಂದಿಷ್ಟು ಹೆಚ್ಚಿಗೆ ಊದುತ್ತಿದ್ದರು. ಯಜಮಾನರು ಒಳಗೆ ಬಂದಾಗ, ಸಾರು ಆರಿಹೋದ ಸಿಟ್ಟಿಗೆ ನಾನು "ಹೆಂಗಿತ್ತು ಕಛೇರಿ?" ಎಂದು ಚುಚ್ಚಿದರೆ, "ಬಂದ್ರು, ಹೋದ್ರು" ಎಂದು ಮತ್ತೆ ಅನ್ನಕ್ಕೆ ಕೈ ಹಾಕುತ್ತಿದ್ದರು. ಮೂವತ್ತನಾಲ್ಕು ವರ್ಷದಲ್ಲಿ ಅವರು ಕೊಟ್ಟ ಅಭಿಪ್ರಾಯ ಅಷ್ಟೇ. ಒಂದೇ ಒಂದು ನಕ್ಷತ್ರವನ್ನೂ ಕೊಡಲಿಲ್ಲ, ಒಂದೇ ಒಂದು ಮೆರವಣಿಗೆಯನ್ನೂ ತಪ್ಪಿಸಲಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಆರನೇ ದಿನದ ಸಂಜೆ ನಮ್ಮ ಬೀದಿಯಲ್ಲಿ ಮದುವೆ ಮೆರವಣಿಗೆಯಿತ್ತು. ನಾನು ಹಿಂದುಗಡೆಯ ಅಡುಗೆಮನೆಯಲ್ಲಿ ನೆಂಟರಿಗಾಗಿ ಬೇಳೆ ಬೇಯಲಿಟ್ಟಿದ್ದೆ. ಬ್ಯಾಂಡು ತಿರುವಿಗೆ ಬಂತು. ಇನ್ನೇನು ಬಾಗಿಲ ಮುಂದೆ ಬರುತ್ತದೆ, ಬಂದರೆ ಹೇಗೆ ತಡೆದುಕೊಳ್ಳಲಿ ದೇವರೇ ಎಂದು ಒಲೆಯ ಕಟ್ಟೆ ಹಿಡಿದುಕೊಂಡೆ. ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ ಕೇಳಿಸಿತು. ಅವರ ಪದ್ಧತಿ ನನಗಾಗ ಗೊತ್ತಿರಲಿಲ್ಲ; ಸಾವಿನ ಮನೆಯ ಮುಂದೆ ಬೇಡವೆಂದು ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋದರು ಅಂದುಕೊಂಡೆ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ಕೇಳಿದ ಮನುಷ್ಯನ ಮನೆಯನ್ನು ತಪ್ಪಿಸಿಕೊಂಡು ಹೋದರಲ್ಲ ಎಂದು ಹೊಟ್ಟೆ ಉರಿದುಹೋಯಿತು. ಒಂದು ವರ್ಷ ಇಮಾಮ್ ಸಾಬರು ಎದುರಿಗೆ ಸಿಕ್ಕರೂ ನಾನು ಮಾತಾಡಿಸಲಿಲ್ಲ.

ಹೋದ ವಾರ ಬಿ.ಪಿ. ಮಾತ್ರೆ ತರಲು ಹೋದಾಗ ಸ್ವಾತಿ ಮುಖ ಗಂಟಿಕ್ಕಿಕೊಂಡಿದ್ದಳು. "ಟೀಚರ್, ಐದನೇ ಹಾಡು ಇಯರ್‌ಫೋನ್ ಹಾಕ್ಕಂಡು ಕೇಳಿದ್ರಾ?" ಎಂದವಳೇ, ನನ್ನ ಉತ್ತರಕ್ಕೂ ಕಾಯದೆ ತನ್ನ ಇಯರ್‌ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿನಿಂದ ನನ್ನ ಕಿವಿಗೆ ಸಿಕ್ಕಿಸಿದಳು. ಆ ನಲವತ್ತೊಂದು ಸೆಕೆಂಡು ಖಾಲಿಯಿಲ್ಲ, ಮಾನ್ಯರೇ. ಅದರ ತುಂಬ ಚಪ್ಪಲಿ ಸದ್ದು. ಯಾರೋ ಒಬ್ಬರ ಕೆಮ್ಮು. "ಯಾಕ್ರಿ ಸಾಬ್ರೆ ನಿಲ್ಸಿದ್ರಿ, ಊದ್ರಿ!" ಎಂದು ದೂರದಲ್ಲಿ ಒಬ್ಬ ಗಂಡಸಿನ ಕೂಗು. ಆಮೇಲೆ ತೀರ ಮೆಲ್ಲಗೆ ಇಮಾಮ್ ಸಾಬರ ದನಿ: "ಟೀಚರಮ್ಮೋರ ಮನೆ ಐತಪ್ಪ. ಜಂಪಣ್ಣ ಹೋಗಿ ಆರು ದಿನ. ಸುಮ್ನೆ ನಡೀರಿ." ಅದರ ಹಿಂದೆಯೇ, ಒಳಗಿನಿಂದ, ನನ್ನ ಕುಕ್ಕರಿನ ಕೂಗು. ತಾತನ ಸೆಟ್ಟಿನ ಸದ್ದು ಹಿಡಿಯಲೆಂದು ರೆಕಾರ್ಡರ್ ಹಿಡಿದು ಹಿಂದೆಯೇ ನಡೆದು ಬರುತ್ತಿದ್ದ ಅಮಾನ್ ಅದನ್ನು ಹಾಗೇ ಉಳಿಸಿಕೊಂಡಿದ್ದ. ನಾನು ಆ ಅಂಗಡಿಯಲ್ಲಿ, ಕೆಮ್ಮಿನ ಔಷಧಿಗೆ ಬಂದವರ ಎದುರಿಗೇ, ಗೊಳೋ ಎಂದು ಅತ್ತೆ.

ಈಗ ತಾವು ಕುತೂಹಲದಿಂದ ಕೇಳಬಹುದು, ಆ ಮೊದಲ ದೂರು ಬರೆದ ಘನವಿದ್ವಾಂಸರು ಯಾರೆಂದು. "ಐದನೇ ಹಾಡಿನ ನಡುವೆ ನಲವತ್ತೊಂದು ಸೆಕೆಂಡುಗಳ ಕಾಲ ಧ್ವನಿ ಇರುವುದಿಲ್ಲ. ಗಮನಿಸಿ ಸರಿಪಡಿಸುವುದು. ಇಂತಿ ಒಬ್ಬ ಹಿತೈಷಿ." ಒಂದು ತಪ್ಪೂ ಇಲ್ಲದ ಕನ್ನಡ, ನೋಡಿ. ಅದನ್ನು ಬರೆದವಳು ನಾನು. "ಟೀಚರ್, ಕೇಳಿ ಅಭಿಪ್ರಾಯ ಬರೀರಿ" ಎಂದು ಅಮಾನ್ ಮನೆಗೇ ಬಂದು ಮೊಬೈಲಿಗೆ ಹಾಕಿಕೊಟ್ಟು ಹೋಗಿದ್ದ. ನಾನು ಮೊಬೈಲನ್ನು ಈರುಳ್ಳಿ ಬುಟ್ಟಿಯ ಮೇಲಿಟ್ಟು, ಸೊಪ್ಪು ಸೋಸುತ್ತಾ ಕೇಳಿ, ಗೋಡೆ ಗಡಿಯಾರ ನೋಡಿ ಸೆಕೆಂಡು ಎಣಿಸಿ, ತಪ್ಪು ಹಿಡಿದೆನೆಂದು ಬೀಗಿದೆ. ಚೇತನ್‌ಕುಮಾರ್, ದುರ್ಗೇಶ್, ಈರಬಸಪ್ಪ ಮುಂತಾದ ಮಹನೀಯರ ಸಾಲಿನಲ್ಲಿ ನನ್ನದೇ ಅಗ್ರಪೀಠ. ಆದರೆ ನನ್ನ ಹಿಂದೆ ಇನ್ನೂರ ಹನ್ನೆರಡು ಮಂದಿ ಬಂದು ಕೂತಿರಲ್ಲ, ತಮ್ಮಲ್ಲಿ ಒಬ್ಬರಾದರೂ ಎರಡನೇ ಸಲ ಕೇಳಬಾರದಿತ್ತೇ?

ಅಂದು ಸಂಜೆಯೇ ಅಮಾನನ ಅಂಗಡಿಗೆ ಓಡಿದೆ. "ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ ಟೀಚರ್. ಆ ಕನ್ನಡ ನೋಡಿದ್ರೇ ಬರ್ದೋರು ನೀವು ಅಂತ ಗೊತ್ತಾಯ್ತು. ನೀವೇ ಸರಿಪಡಿಸು ಅಂತ ಬರದ್ಮೇಲೆ ನಿಮಗೆ ಬೇಜಾರಾಗೈತೆ ಅನ್ನಿಸ್ತು. ಈಗ ನೋಡಿದ್ರೆ ಇಷ್ಟು ಜನ ಹೇಳ್ತಾವ್ರೆ, ಹಾಡು ಓಡ್ಬೇಕಲ್ಲ" ಎಂದು ತಲೆ ತಗ್ಗಿಸಿದ. ನಾನು ನನ್ನ ದೂರನ್ನು ಅಳಿಸಿದೆ, ಆದರೆ ತಮ್ಮ ಇನ್ನೂರ ಹನ್ನೆರಡನ್ನು ಅಳಿಸಲು ನನ್ನ ರಬ್ಬರು ಸಾಲದು. ಅಲ್ಲೇ ಕುರ್ಚಿಯಲ್ಲಿದ್ದ ಇಮಾಮ್ ಸಾಬರು, "ತೆಗೀಲಿ ಬಿಡಮ್ಮ. ನಾವು ನಿಲ್ಸಿದ್ದು ಜಂಪಣ್ಣಂಗೆ, ಇವ್ರಿಗಲ್ಲ" ಎಂದರು. ಅವರು ದೊಡ್ಡವರು, ಹಾಗೆನ್ನಬಹುದು. ನನಗೆ ಅಷ್ಟು ದೊಡ್ಡತನವಿಲ್ಲ. ಬಸ್ಸು ಓಡಿಸಿದವನಿಗೆ ಯಾರೂ ಸಭೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ, ಪತ್ರಿಕೆಯಲ್ಲಿ ಫೋಟೋ ಬರಲಿಲ್ಲ. ಈ ಊರು ಅವರಿಗೆ ಕೊಟ್ಟ ಮರ್ಯಾದೆ ಈ ನಲವತ್ತೊಂದು ಸೆಕೆಂಡು ಮಾತ್ರ, ಅದು ನನಗೆ ಬೇಕು.

ಆದುದರಿಂದ ತಮ್ಮಲ್ಲಿ ಸವಿನಯವಾಗಿ ಬೇಡುವುದೇನೆಂದರೆ, ಭಾನುವಾರದೊಳಗೆ ತಾವು ಅದೇ ಜಾಗದಲ್ಲಿ "ಇರಲಿ" ಎಂಬ ಮೂರಕ್ಷರ ಬರೆಯಬೇಕು. ಅದು ಕಷ್ಟವಾದರೆ, ಮುಂದೆ ಯಾವುದೇ ಹಾಡಿಗೆ ಅಭಿಪ್ರಾಯ ಕೊಡುವಾಗ ಕಿವಿ ಚಾಲ್ತಿಯಲ್ಲಿದೆಯೆಂಬ ದೃಢೀಕರಣ ಪತ್ರವನ್ನು ಗ್ರಾಮ ಪಂಚಾಯಿತಿಯಿಂದ ಪಡೆದು ಲಗತ್ತಿಸಬೇಕು. ಅದೂ ಆಗದಿದ್ದರೆ, ಮಾತಿನ ನಡುವೆ ಉಸಿರೆಳೆದುಕೊಳ್ಳುವಾಗ ತಮ್ಮಲ್ಲೂ ಸೌಂಡ್ ಕಟ್ ಆಗುತ್ತಿರುವುದನ್ನು ಗಮನಿಸಿ ಸರಿಪಡಿಸಿಕೊಳ್ಳಬೇಕು.

ಇನ್ನೂರ ಹನ್ನೆರಡು ಜೋಡಿ ಕಿವಿಗಳಲ್ಲಿ ಒಂದೆರಡಾದರೂ ತೆರೆದಾವೆಂದು ಈಗಲೂ ವಿಶ್ವಾಸವಿಟ್ಟಿರುವ,

ತಮ್ಮ ವಿಶ್ವಾಸಿ,
ಅನುಸೂಯ ಜಂಪಣ್ಣ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಹೊಸದುರ್ಗ

ಮರೆತ ಮಾತು: ಸದ್ದಿಲ್ಲದಿರುವುದರಿಂದ ಯಾರಿಗೆ ತೊಂದರೆಯಾಗಿದೆಯೋ ಅವರು ತಮ್ಮ ಹೆಸರು ಮತ್ತು ಮನೆ ನಂಬರನ್ನು ನನಗೆ ಕಳುಹಿಸಿಕೊಡಬೇಕು. ಪಟ್ಟಿಯನ್ನು ಇಮಾಮ್ ಸಾಬರ ಕೈಗೆ ಕೊಡುತ್ತೇನೆ. ತಮ್ಮ ಮನೆಯಲ್ಲಿ ಅಂಥ ದಿನ ಬಂದಾಗ ಬ್ಯಾಂಡು ಒಂದು ಪೆಟ್ಟನ್ನೂ ಬಿಡದೆ, ಒಂದು ಉಸಿರನ್ನೂ ನಿಲ್ಲಿಸದೆ ತಮ್ಮ ಬಾಗಿಲ ಮುಂದೆ ಭರ್ಜರಿಯಾಗಿ ಬಾರಿಸಿಕೊಂಡು ಹೋಗುತ್ತದೆ. ನ್ಯಾಯವಾಗಿ ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಹೆಸರೇ ಇರಬೇಕು. ಬರೆಯಲು ಕೂತೆ, ಕೈ ಬರಲಿಲ್ಲ.