ಒತಿಲಿಯಾಳ ಮನೆ ಕದಲದ ಬಗೆ

2012ರ ಮಾರ್ಚ್ 13. ಚಿಲೋಯೆ ದ್ವೀಪದಲ್ಲಿ ಬೆಳಗ್ಗೆ ಮೋಡ, ಮಧ್ಯಾಹ್ನದ ನಂತರ ಮಳೆ. ಕಡಲತೀರದ ಯಾವ ಕುಟುಂಬವನ್ನೂ ಅದರ ಮನೆಯಿಂದ ಒಕ್ಕಲೆಬ್ಬಿಸತಕ್ಕದ್ದಲ್ಲ ಎಂದು ಸಮಾನ ವಸತಿ ಕಚೇರಿ ಅಂದು ಪ್ರಕಟಿಸಿತು. ಅದೇ ತೀರವನ್ನು ಹೋಟೆಲಿನವರಿಗೆ ಕೊಟ್ಟಾಗಿತ್ತು. ಎರಡೂ ಮಾತು ಉಳಿಯಬೇಕಾದ್ದರಿಂದ, ಕುಟುಂಬ ಒಳಗಿರುವಂತೆಯೇ ಮನೆಯನ್ನು ಗುಡ್ಡದ ಮೇಲಕ್ಕೆ ಎಳೆಸುವುದೆಂದು ತೀರ್ಮಾನವಾಯಿತು.

ಹೊಣೆ ಅಧಿಕಾರಿ ಉಬಾಲ್ದೊನದು. ಮೊದಲ ಮನೆ ಒತಿಲಿಯಾ ಎಂಬ ವಿಧವೆಯದು.

"ಗುಡ್ಡದ ಮೇಲೆ ಚಿಪ್ಪು ಹೆಕ್ಕಕ್ಕಾಗತ್ತೇನಪ್ಪಾ? ನನ್ನ ಹೊಟ್ಟೆಪಾಡು ನೀರಲ್ಲಿದೆ," ಎನ್ನುತ್ತ ಆಕೆ ಒಲೆಯ ಮುಂದಿನಿಂದ ಏಳಹೋದಳು.

"ಏಳಬೇಡಿ ಅಮ್ಮಾ! ನೀವು ಎದ್ದು ಹೊರಗೆ ಬಂದ್ರೆ ಒಕ್ಕಲೆಬ್ಬಿಸಿದ ಹಾಗಾಗತ್ತೆ. ನಾನು ಮಿಂಗ ಕರೀತೀನಿ."

ಮಿಂಗಕ್ಕೆ ಕರೆದರೆ ನೆರೆಹೊರೆಯವರು ಎತ್ತು ಕಟ್ಟಿಕೊಂಡು ಬಂದು ಮರದ ಮನೆಯನ್ನು ದಿಮ್ಮಿಗಳ ಮೇಲೆ ಎಳೆಯುತ್ತಾರೆ. ಕೂಲಿಯಿಲ್ಲ, ಊಟ. ಊಟ ಹಾಕಿದವರು ತೋರಿಸಿದ ಕಡೆಗೆ ಮನೆ.

"ಹೊಟ್ಟೆ ತುಂಬಾ ಹಾಕ್ಬೇಕು ಮತ್ತೆ. ನಮ್ಮೋರು ಸರ್ಕಾರದೋರ ಥರ ಅಲ್ಲ, ಉಂಡ್ಮೇಲೆ ಕೆಲಸ ಮಾಡ್ತಾರೆ," ಎಂದಳು ಒತಿಲಿಯಾ.

ಮನೆ ಹೊಗೆಯಾಡುತ್ತಲೇ ಏರು ಹತ್ತಿತು. ಅರ್ಧ ದಾರಿಗೆ ಉಂಡದ್ದು ಕರಗಿತು, ಮಳೆಯೂ ಹಿಡಿಯಿತು, ಮನೆ ಅಲ್ಲೇ ನಿಂತಿತು. ಮರುದಿನದ ಊಟಕ್ಕೆಂದು ತಂದಿದ್ದ ಕುರಿಗಳು ನೆನೆಯಬಾರದೆಂದು ಉಬಾಲ್ದೊ ಅವನ್ನು ಒತಿಲಿಯಾಳ ಅಡುಗೆಮನೆಗೆ ಹೊಡೆದ.

"ಅಲ್ಲಪ್ಪಾ, ಸೂರಿನ ಕೆಳಗಿರೋ ಜೀವಾನೆಲ್ಲ ಕುಟುಂಬ ಅಂತಲ್ವಾ ನಿಮ್ಮ ನಿಯಮ?"

"ಹೌದು. ಅದನ್ನ ಬರೆದೋನೇ ನಾನು," ಎಂದ ಉಬಾಲ್ದೊ ಹೆಮ್ಮೆಯಿಂದ. ವಸತಿ ಪಡೆದವರ ಸಂಖ್ಯೆ ದೊಡ್ಡದಾಗಿ ಕಾಣಲೆಂದು ಕೋಳಿ, ಬೆಕ್ಕುಗಳನ್ನೂ ಅವನು ಸೇರಿಸಿಕೊಂಡಿದ್ದ.

ಮರುದಿನ ಬೆಳಗ್ಗೆ ಉಬಾಲ್ದೊ ಬಂದು ನೋಡಿದರೆ ದಾರಿ ಖಾಲಿ. ಮನೆ ತೀರದಲ್ಲಿ ತನ್ನ ಹಳೆಯ ಜಾಗದಲ್ಲೇ ಇತ್ತು. ಎತ್ತಿನವರು ಸೇಬಿನ ಕಳ್ಳು ಕುಡಿದು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು.

"ಅಮ್ಮಾ, ಇದೇನು?"

"ನಾನೂ ಒಂದು ಮಿಂಗ ಕರೆದೆ."

ಉಬಾಲ್ದೊ ಯೋಚಿಸಿದ. ಕುಟುಂಬ ಮನೆಯಲ್ಲಿತ್ತು, ಯಾವ ನಿಯಮವೂ ಮುರಿದಿರಲಿಲ್ಲ. ಮಧ್ಯಾಹ್ನದೊಳಗೆ ಕಚೇರಿ ಯೋಜನೆ ಯಶಸ್ವಿಯೆಂದು ಘೋಷಿಸಿ, ಹೋಟೆಲಿನವರಿಗೆ ಗುಡ್ಡವನ್ನು ಕೊಟ್ಟಿತು. ಅವರೂ ಒಪ್ಪಿದರು, ಹೋಟೆಲಿನ ಹೆಸರು ಮಾತ್ರ 'ಅಲೆಯಂಚು' ಎಂದೇ ಉಳಿಯಿತು. ಇನ್ನು ವೆಚ್ಚವೊಂದನ್ನು ತಿಳಿದುಕೊಳ್ಳಬೇಕಿತ್ತು.

"ಅಷ್ಟು ಜನಕ್ಕೆ ಏನು ಕೊಟ್ರಿ, ಅಮ್ಮಾ?"

ಒತಿಲಿಯಾ ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ಅವನ ಮುಂದೆ ಸರಿಸಿದಳು.

"ನಿಮ್ಮ ಪಾಲೂ ಇದೆ, ತಿನ್ನಿ. ಕುಟುಂಬದೋರನ್ನ ಒಬ್ರನ್ನೂ ಹೊರಗೆ ಹಾಕಿಲ್ಲ. ಒಳಗೇ ಬೇಯಿಸಿದೀನಿ."